ಶ್ರಾವಕನ ಕಿವಿ

ಗೃಹಸ್ಥನಾದ ಜೈನನಿಗೆ ಶ್ರಾವಕನೆಂಬ ಹೆಸರು ಬಂದಿರುವುದು ಕೇಳುವ ಕ್ರಿಯೆಯಿಂದ. ಹಿರಿಯರ ಉಪದೇಶವನ್ನು ಕಿವಿಗೊಟ್ಟು ಕೇಳುವವನು ಶ್ರಾವಕ. ಕಣ್ಣಿಗಾಗಲಿ ನಾಲಗೆಗಾಗಲಿ ದೊರೆಯದ ಈ ಗೌರವ ಕಿವಿಗೆ ದೊರೆತಿದೆ. ಆದರೆ ಆ ಕಿವಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಬರಗೂರಿನ ಒಬ್ಬ ನಿವೃತ್ತ ಉಪಾಧ್ಯಾಯರ ಮುಂದೆ, ಅವರ ಅರವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಜೊತೆ ತಂತಿಯ ರೂಪದಲ್ಲಿ ಬಂದು ನಿಂತಿತು.

ಬರಗೂರು ಶಿರಾ ತಾಲ್ಲೂಕಿಗೆ ಸೇರಿದ ಊರು. ಮಳೆ ಕಡಿಮೆ, ಕಡಲೆಕಾಯಿಯ ನೆಲ. ಮೇಷ್ಟರು ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಸುತ್ತಮುತ್ತಲಿನ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತಿಯ ನಂತರ ತಂದೆಯ ಮನೆಗೆ ಮರಳಿದವರು. ಅವರಿಗಿದ್ದ ಒಂದೇ ಒಂದು ಶೋಕಿಯೆಂದರೆ ಸಂಗೀತ. ಹಾಡಲು ಬಾರದು, ಕೇಳಲು ಬರುತ್ತದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಮೊದಲು ರೇಡಿಯೋದಲ್ಲಿ, ಬಳಿಕ ಕ್ಯಾಸೆಟ್ಟಿನಲ್ಲಿ, ಈಗ ಮಗ ಕೊಡಿಸಿದ ಯಂತ್ರದಲ್ಲಿ ಕೇಳುತ್ತ ಬಂದವರು. ಊರಿನಲ್ಲಿ ಪೌರಾಣಿಕ ನಾಟಕವಾದಾಗ ಮೈಕಿನಲ್ಲಿ ಕಿರುಗುಟ್ಟುವ ಸದ್ದು ಬಂದರೆ ಎಲ್ಲರೂ ಮೇಷ್ಟರ ಕಡೆಗೆ ತಿರುಗಿ ನೋಡುವಷ್ಟು ಅವರ ಕಿವಿಗೆ ಹೆಸರಿತ್ತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಒಂದು ದೀಪಾವಳಿಗೆ ಬಂದಾಗ ಪುಟ್ಟ ಪೆಟ್ಟಿಗೆಯೊಂದನ್ನು ತಂದೆಯ ಮುಂದಿಟ್ಟನು. ಒಳಗೆ ರೇಷ್ಮೆಯಂತಹ ನೇಯ್ಗೆಯ ಹೊದಿಕೆ ತೊಟ್ಟ, ಬೆರಳ ಗಾತ್ರದ, ತುದಿಗಳಿಗೆ ಚಿನ್ನದ ಲೇಪವಿದ್ದ ತಂತಿಗಳು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಜೋಡಿಸುವಂಥವು. ಸದ್ದು ಯಾವ ದಿಕ್ಕಿಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತೂ ಮೇಲಿತ್ತು. ಬೆಲೆಯನ್ನು ಅವನು ಹೇಳಲಿಲ್ಲ. ರಶೀದಿ ಪೆಟ್ಟಿಗೆಯ ತಳದಲ್ಲಿಯೇ ಉಳಿದಿತ್ತು: 38,000 ರೂಪಾಯಿ.

ಅಂದು ರಾತ್ರಿ ಹಳೆಯ ತಂತಿ ತೆಗೆದು ಹೊಸದನ್ನು ಜೋಡಿಸಲಾಯಿತು. ಮನ್ಸೂರರ ಒಂದು ರಾಗ ಹಾಕಿದರು. ತಂಬೂರಿಯ ನಾಲ್ಕು ತಂತಿಗಳೂ ಒಂದೊಂದಾಗಿ ಬೇರೆ ಬೇರೆ ಕೇಳಿದಂತಾಯಿತು. ಗವಾಯಿಗಳು ಉಸಿರೆಳೆದುಕೊಳ್ಳುವುದು ಕೂಡ ಕೇಳಿಸಿತು. ಮೇಷ್ಟರ ಕಣ್ಣಲ್ಲಿ ನೀರು ಬಂತು. “ಇಷ್ಟು ದಿನ ಕಿಟಕಿಗೆ ಪರದೆ ಇತ್ತಪ್ಪ, ಈಗ ತೆಗೆದ ಹಾಗಾಯಿತು” ಎಂದರು. ಮಗನಿಗೆ ಅದಕ್ಕಿಂತ ಹೆಚ್ಚಿನ ದೀಪಾವಳಿ ಬೇಕಿರಲಿಲ್ಲ.

ವಿಷಯ ಇಲ್ಲಿಗೇ ನಿಂತಿದ್ದರೆ ಅದು ಒಂದು ಮನೆಯ ಸಂತೋಷವಾಗಿ ಉಳಿಯುತ್ತಿತ್ತು. ಯಾರೂ ಅದನ್ನು ಪ್ರಶ್ನಿಸಬೇಕಾದ ಅಗತ್ಯವಿರಲಿಲ್ಲ.

ಮೇಷ್ಟರು ಆ ಸೀಮೆಯ ಒಂದು ಹಳೆಯ ಕಲ್ಲಿನ ಬಸದಿಯ ಟ್ರಸ್ಟಿನಲ್ಲಿ ಸದಸ್ಯರು. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ಸಂಜೆಗಳೂ ಅಲ್ಲಿ ಪ್ರವಚನ ನಡೆಯುತ್ತದೆ. ಧ್ವನಿವರ್ಧಕವಿದೆ, ಸದ್ದೂ ಬೇಕಾದಷ್ಟಿದೆ. ಆದರೆ ಹಿಂದೆ ಕುಳಿತವರಿಗೆ ಸದ್ದು ಕೇಳುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಹಿಂದೆ ಕುಳಿತುಕೊಳ್ಳುವವರು ಯಾರೆಂದರೆ ಕಾಲು ಮಡಚಲಾರದೆ ಕಂಬಕ್ಕೆ ಒರಗಬೇಕಾದ ವೃದ್ಧೆಯರು. ಅವರಲ್ಲೊಬ್ಬ ತಾಯಿ, ತೀರಿಹೋದ ಗಂಡನ ನೆನಪಿಗಾಗಿ, ಹೊಲದ ಗೇಣಿಯಿಂದಲೂ ತೆಂಗಿನಕಾಯಿ ಮಾರಿದ ಹಣದಿಂದಲೂ ಕೂಡಿಟ್ಟ 75,000 ರೂಪಾಯಿಯನ್ನು ತಂದು ಟ್ರಸ್ಟಿಗೆ ಒಪ್ಪಿಸಿದರು. “ಪಂಡಿತರು ಹೇಳೋದು ನಮಗೂ ಅರ್ಥವಾಗೋ ಹಾಗೆ ಏನಾದರೂ ಮಾಡಿ” ಎಂಬುದಷ್ಟೇ ಅವರ ಕೋರಿಕೆ.

ಟ್ರಸ್ಟಿನವರು ಬೆಂಗಳೂರಿನ ಒಂದು ಅಂಗಡಿಯಿಂದ ದರಪಟ್ಟಿ ತರಿಸಿದರು. ಅದರಲ್ಲಿ 42,000 ರೂಪಾಯಿ ಕೇವಲ ತಂತಿಗಳಿಗೆ. ಆಮ್ಲಜನಕರಹಿತ ತಾಮ್ರ, ಬೆಳ್ಳಿಯ ಲೇಪ, ಧ್ವನಿಯ ಸ್ಪಷ್ಟತೆಗೆ ಖಾತರಿ ಎಂದೆಲ್ಲ ಬರೆದಿತ್ತು. ಅಧ್ಯಕ್ಷರು ಸಭೆಯಲ್ಲಿ ಮೇಷ್ಟರ ಕಡೆ ತಿರುಗಿ, “ಇದರ ವಿಚಾರ ಬಲ್ಲವರು ನೀವು. ಏನಂತೀರಿ?” ಎಂದು ಕೇಳಿದರು. ಮೇಷ್ಟರು ಒಂದು ಕ್ಷಣವೂ ತಡಮಾಡಲಿಲ್ಲ. ಮನೆಯಲ್ಲಿ ತಾವು ಕಂಡ, ಅಂದರೆ ಕೇಳಿದ, ಅನುಭವವನ್ನು ವರ್ಣಿಸಿ, “ತಂತಿಯಲ್ಲೇ ಇದೆ ಎಲ್ಲ. ಕಣ್ಣು ಮುಚ್ಚಿ ಕೊಳ್ಳಬಹುದು” ಎಂದರು. ಸಭೆ ಒಪ್ಪಿತು. ನಿರ್ಣಯ ಪುಸ್ತಕದಲ್ಲಿ ಅವರ ಹೆಸರಿನೊಡನೆ ಆ ಅಭಿಪ್ರಾಯ ದಾಖಲಾಯಿತು.

ಬಸದಿಯ ಹಳೆಯ ಧ್ವನಿವರ್ಧಕವನ್ನು ವರ್ಷಕ್ಕೊಮ್ಮೆ ರಿಪೇರಿ ಮಾಡುತ್ತಿದ್ದವನು ಶಿರಾದ ಒಬ್ಬ ಮೈಕ್‌ಸೆಟ್ಟಿನ ಯಜಮಾನ. ನಾಟಕ, ಜಾತ್ರೆ, ಮದುವೆ, ಚುನಾವಣೆ ಎಂದು ಮೂವತ್ತು ವರ್ಷ ತಂತಿ ಎಳೆದು ಎಳೆದು ಅವನ ಅಂಗೈ ಗಟ್ಟಿಯಾಗಿತ್ತು. ಹಳೆಯ ಸಾಮಾನು ಇಳಿಸಲು ಬಂದವನು ದರಪಟ್ಟಿಯನ್ನು ಓದಿಸಿಕೊಂಡು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಕಣ್ಣು ಮುಚ್ಚಿ ಕೊಳ್ಳಬಹುದು ಅಂದ್ರಂತೆ. ಕೊಳ್ಳೋಕೆ ಮುಂಚೆ ಒಂದ್ಸಲ ಕಣ್ಣು ಮುಚ್ಚಿ ಕೇಳಿ ನೋಡ್ತೀರಾ?” ಎಂದನು.

ಮೇಷ್ಟರಿಗೆ ಸಿಟ್ಟು ಬಂತು. ತಮ್ಮ ಕಿವಿಯ ಮೇಲೆ ಅನುಮಾನಪಟ್ಟವನು ಅದುವರೆಗೆ ಯಾರೂ ಇರಲಿಲ್ಲ. ಆದರೂ ಮಾತು ಒಳಗೆ ಕುಟುಕುತ್ತಲೇ ಇತ್ತು. ಎರಡು ದಿನಗಳ ನಂತರ ತಾವಾಗಿಯೇ ಅವನನ್ನು ಬರಗೂರಿಗೆ ಕರೆಸಿಕೊಂಡರು.

ಇಲ್ಲಿ ಆ ಯಜಮಾನನು ಹೇಳಿದ್ದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಬೇರೆ ಟ್ರಸ್ಟುಗಳಿಗೂ ಇದು ಉಪಯೋಗಕ್ಕೆ ಬರುವ ವಿಷಯ. ತಂತಿಯೆಂದರೆ ಕೊಳವೆಬಾವಿಯ ಪೈಪು ಇದ್ದ ಹಾಗೆ ಎಂದು ಅವನು ಆರಂಭಿಸಿದನು. ಪೈಪು ಸಣ್ಣದಾಗಿ ದೂರ ಹೆಚ್ಚಾದರೆ ನೀರು ತೋಟ ಮುಟ್ಟುವುದಿಲ್ಲ. ಸಾಕಷ್ಟು ದಪ್ಪವಿದ್ದರೆ ಮುಟ್ಟುತ್ತದೆ, ಆ ಪೈಪಿಗೆ ಬೆಳ್ಳಿಯ ಕಟ್ಟು ಹಾಕಿಸಿದ ಮಾತ್ರಕ್ಕೆ ನೀರು ಸಿಹಿಯಾಗುವುದಿಲ್ಲ. ಲೆಕ್ಕವೂ ಅದನ್ನೇ ಹೇಳುತ್ತದೆ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.012 ಓಮ್. ಮೇಷ್ಟರ ಕೋಣೆಯಲ್ಲಿ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಮೂರು ಮೀಟರು, ಹೋಗಿ ಬರುವ ದಾರಿ ಸೇರಿ ಆರು. ಒಟ್ಟು ರೋಧ ಸುಮಾರು 0.07 ಓಮ್. ಸ್ಪೀಕರಿನ 8 ಓಮಿನ ಎದುರಿಗೆ ಅದು ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಆಮ್ಲಜನಕರಹಿತ ತಾಮ್ರವೆಂಬ ವಸ್ತು ಸುಳ್ಳಲ್ಲ, ಅದು ನಿಜವಾಗಿಯೂ ಇದೆ. ಆದರೆ ವಿದ್ಯುತ್ ಕೆಲಸಕ್ಕೆ ತಯಾರಾಗುವ ಸಾಧಾರಣ ತಾಮ್ರಕ್ಕಿಂತ ಅದರ ವಾಹಕತೆ ಹೆಚ್ಚೆಂದರೆ ನೂರಕ್ಕೆ ಒಂದರಷ್ಟು ಅಧಿಕ. ಅದೇ ಸಾಧಾರಣ ತಂತಿಯನ್ನು ಕೂದಲೆಳೆಯಷ್ಟು ದಪ್ಪ ಮಾಡಿದರೆ ಆ ಲಾಭ ಬಂದುಬಿಡುತ್ತದೆ. ಇನ್ನು ಬಾಣದ ಗುರುತು. ಸ್ಪೀಕರಿನ ತಂತಿಯಲ್ಲಿ ಹರಿಯುವುದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು. ಅದು ಯಾವ ಬಾಣವನ್ನು ನೋಡಿ ನಡೆಯಬೇಕು?

ವಿವರಣೆಯಿಂದ ಮೇಷ್ಟರು ಒಪ್ಪಲಿಲ್ಲ. ಲೆಕ್ಕ ಲೆಕ್ಕವೇ, ಕೇಳಿಸಿದ್ದು ಕೇಳಿಸಿದ್ದೇ ಎಂದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಹಾಗಾದರೆ ಪರೀಕ್ಷೆಯೇ ಆಗಲಿ ಎಂದಾಯಿತು.

ಯಂತ್ರದ ಮುಂದೆ ಹಾಸಿಗೆಯ ಮೇಲುಹೊದಿಕೆಯನ್ನು ಪರದೆಯಂತೆ ಕಟ್ಟಿದರು. ಯಜಮಾನ ತನ್ನ ಚೀಲದಿಂದ ಮೀಟರಿಗೆ 40 ರೂಪಾಯಿಯ ಸಾಧಾರಣ ವೈರನ್ನು ತೆಗೆದನು. ಮೊಮ್ಮಗಳು ಪರದೆಯ ಹಿಂದೆ ಕುಳಿತು ಪ್ರತಿ ಸಲವೂ ನಾಣ್ಯ ಚಿಮ್ಮುವುದು, ರಾಜಮುದ್ರೆ ಬಿದ್ದರೆ ಬೆಲೆಯ ತಂತಿ, ಅಂಕಿ ಬಿದ್ದರೆ ಸಾಧಾರಣ ವೈರು ಜೋಡಿಸಿ ತನ್ನ ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು, ಅದೇ ಗಾಯನದ ಅದೇ ಭಾಗವನ್ನು ಹಾಕುವುದು. ಧ್ವನಿಯ ಗುಂಡಿಯನ್ನು ಯಾರೂ ಮುಟ್ಟುವಂತಿಲ್ಲ. ತಾತ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಹದಿನಾರು ಸುತ್ತು. ಮೊದಲು ಪರದೆ ತೆಗೆದು ಎರಡೂ ತಂತಿಗಳನ್ನು ತೋರಿಸಿಯೇ ಕೇಳಿಸಿದಾಗ ಮೇಷ್ಟರಿಗೆ ವ್ಯತ್ಯಾಸ ಹಗಲು ರಾತ್ರಿಯಷ್ಟು ಸ್ಪಷ್ಟವಾಗಿತ್ತು. ಪರದೆ ಇಳಿಬಿಟ್ಟ ಮೇಲೆಯೂ ಮೊದಲ ಐದಾರು ಸುತ್ತು ಅವರು ಧೈರ್ಯದಿಂದ ಬರೆದರು. ಆಮೇಲೆ ಕೈ ತಡೆಯಿತು. ಕೊನೆಗೆ ಎರಡು ಹಾಳೆಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹದಿನಾರರಲ್ಲಿ ಏಳು ಸರಿ.

ಅವರು ಸುಲಭವಾಗಿ ಬಿಡಲಿಲ್ಲ. ಸಂಜೆ ಆಯಾಸವಾಗಿತ್ತು, ಮುಂಜಾನೆ ಕಿವಿ ತಿಳಿಯಾಗಿರುತ್ತದೆ ಎಂದರು. ಮರುದಿನ ಬೆಳಕು ಹರಿಯುವ ಮುಂಚೆ ಇನ್ನೊಂದು ಹದಿನಾರು. ಆಗ ಸರಿ ಬಂದದ್ದು ಹತ್ತು. ಒಟ್ಟು ಮೂವತ್ತೆರಡರಲ್ಲಿ ಹದಿನೇಳು. ಸಂಗೀತ ಕೇಳದೆ ಸುಮ್ಮನೆ ನಾಣ್ಯ ಚಿಮ್ಮಿ ಬರೆದಿದ್ದರೂ ಹದಿನಾರರ ಹತ್ತಿರ ಬರುತ್ತಿತ್ತು.

ಹಾಗಾದರೆ ದೀಪಾವಳಿಯ ರಾತ್ರಿ ಕಣ್ಣಲ್ಲಿ ಬಂದ ನೀರು ಸುಳ್ಳೇ? ಮೇಷ್ಟರನ್ನು ಬಹಳ ನೋಯಿಸಿದ ಪ್ರಶ್ನೆ ಇದು. ನೀರು ಸುಳ್ಳಲ್ಲ. ತಂಬೂರಿಯ ನಾಲ್ಕು ತಂತಿಗಳು ಅಂದು ನಿಜವಾಗಿಯೇ ಕೇಳಿಸಿದವು, ಏಕೆಂದರೆ ಅಂದು ಅವರು ನಾಲ್ಕನ್ನೂ ಹುಡುಕುತ್ತ ಕೇಳಿದರು. ಮಗ ಪಕ್ಕದಲ್ಲಿ ಕುಳಿತು ಮುಖವನ್ನೇ ನೋಡುತ್ತಿದ್ದನು. ಹಳೆಯ ತಂತಿಯಲ್ಲಿಯೂ ಆ ನಾಲ್ಕು ನಾದಗಳು ಇದ್ದವು, ಕಿವಿಗೊಟ್ಟಿರಲಿಲ್ಲ ಅಷ್ಟೇ. “ನನಗೆ ಇಂಪಾಗಿ ಕೇಳಿಸಿತು” ಎಂಬುದು ಒಂದು ಮಾತು, “ಈ ತಂತಿ ಇಂಪಾಗಿ ಕೇಳಿಸುತ್ತದೆ” ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೇಳಿದವನೇ ಪ್ರಮಾಣ. ಎರಡನೆಯದು ವಸ್ತುವಿನ ಬಗೆಗಿನ ಮಾತು, ಅದಕ್ಕೆ ಬೇರೆ ಸಾಕ್ಷಿ ಬೇಕು. ಅನೇಕಾಂತದ ಹೆಸರು ಹೇಳಿ ‘ಅವರವರಿಗೆ ಕೇಳಿದ್ದೇ ಸತ್ಯ’ ಎಂದು ತಳ್ಳಿಬಿಡುವವರು ಈಚೆಗೆ ಹೆಚ್ಚಾಗಿದ್ದಾರೆ. ಯಾವ ದೃಷ್ಟಿಯಿಂದ ಹೇಳಿದ ಮಾತೆಂದು ಗುರುತಿಸಿ ಹೇಳು ಎಂದು ಅದು ಕೇಳುತ್ತದೆಯೇ ಹೊರತು, ಯಾವುದನ್ನಾದರೂ ಹೇಳಿಬಿಡು ಎಂದು ಪರವಾನಗಿ ಕೊಡುವುದಿಲ್ಲ.

ನಮ್ಮ ಶಾಸ್ತ್ರಕಾರರು ಇಂದ್ರಿಯಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣೆ ಎಂದು ನಾಲ್ಕು ಮೆಟ್ಟಿಲು ಹೇಳಿದ್ದಾರೆ. ಏನೋ ಕೇಳಿಸಿತು ಎಂಬುದು ಅವಗ್ರಹ. ಅದೇನಿರಬಹುದೆಂದು ವಿಚಾರಿಸುವುದು ಈಹಾ. ಇಂಥದೇ ಎಂದು ನಿಶ್ಚಯಿಸುವುದು ಅವಾಯ. ಅದನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು ಧಾರಣೆ. ಮೇಷ್ಟರು ಮೊದಲನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ನೆಗೆದಿದ್ದರು. ಶಬ್ದವನ್ನು ಆಕಾಶದ ಗುಣವೆಂದು ಬೇರೆ ದರ್ಶನದವರು ಹೇಳಿದಾಗ, ಅದು ಪುದ್ಗಲದ ಪರ್ಯಾಯವೆಂದು, ಗೋಡೆಗೆ ತಾಗಿ ತಡೆಯುವ ವಸ್ತುವಿನ ಪೈಕಿಯೆಂದು ವಾದಿಸಿದವರು ಜೈನರು. ಅಂಥವರ ಬಸದಿಯಲ್ಲಿ ಶಬ್ದವನ್ನು ಅಳೆಯದೆ ನಂಬಿದ್ದು ಸ್ವಲ್ಪ ಹಾಸ್ಯಾಸ್ಪದವೇ ಸರಿ.

ಹೀಗೆ ಮೋಸಹೋಗುವುದು ಹಳ್ಳಿಯ ಮೇಷ್ಟರಿಗೆ ಮಾತ್ರ ಆದುದಲ್ಲ. 1784ರಲ್ಲಿ ಪ್ಯಾರಿಸ್ಸಿನಲ್ಲಿ, ಮೆಸ್ಮರನೆಂಬ ವೈದ್ಯ ಪ್ರಚಾರಕ್ಕೆ ತಂದಿದ್ದ ಕಾಂತಶಕ್ತಿಯ ಚಿಕಿತ್ಸೆಯನ್ನು ಪರಿಶೀಲಿಸಲು ಅಲ್ಲಿನ ದೊರೆ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಇದ್ದನು. ರೋಗಿಗಳ ಕಣ್ಣು ಕಟ್ಟಿ ನೋಡಿದಾಗ, ಶಕ್ತಿ ಹಾಯಿಸಲಾಗುತ್ತಿದೆ ಎಂದು ಅವರು ನಂಬಿದಾಗಲೆಲ್ಲ ಮೈ ನಡುಗಿತು, ನಿಜವಾಗಿ ಹಾಯಿಸಿ ಹೇಳದೆ ಇದ್ದಾಗ ಏನೂ ಆಗಲಿಲ್ಲ. ತಂತಿಯ ವಿಷಯದಲ್ಲಿಯೇ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ 1983ರಲ್ಲಿ ಇಂತಹದೇ ಪರೀಕ್ಷೆಯ ವರದಿಯನ್ನು ಪ್ರಕಟಿಸಿತು. ತೀರ ತೆಳ್ಳಗಿನ ತಂತಿಯನ್ನು ಕೇಳುಗರು ಕೆಲವು ಸಂದರ್ಭಗಳಲ್ಲಿ ಗುರುತಿಸಿದರು. ಆದರೆ ದೀಪಕ್ಕೆ ಹಾಕುವಂತಹ ಸಾಧಾರಣ ದಪ್ಪದ ತಂತಿಗಿಂತ ಬೆಲೆಬಾಳುವ ತಂತಿ ಮೇಲೆಂದು ಸಿದ್ಧವಾಗಲಿಲ್ಲ. 2007ರಲ್ಲಿ ಜೇಮ್ಸ್ ರ‍್ಯಾಂಡಿ ಎಂಬ ಪ್ರಸಿದ್ಧ ಜಾದೂಗಾರ, 7,250 ಡಾಲರಿನ ಒಂದು ಜೊತೆ ತಂತಿಯನ್ನು ನೋಡದೆ ಕೇಳಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರು ಕೊಡುವುದಾಗಿ ಪಂಥ ಒಡ್ಡಿದನು. ಆ ಪರೀಕ್ಷೆ ಕೊನೆಗೂ ನಡೆಯಲಿಲ್ಲ, ಆದುದರಿಂದ ಅದನ್ನು ಯಾರ ಸೋಲೆಂದೂ ಗೆಲುವೆಂದೂ ಹೇಳುವಂತಿಲ್ಲ.

ಮಗನಿಗೆ ಫೋನು ಮಾಡಿದಾಗ ಮೇಷ್ಟರು ಪರೀಕ್ಷೆಯ ವಿಷಯವನ್ನು ಮೊದಲು ಹೇಳಲಿಲ್ಲ. ಅಂಗಡಿಯಲ್ಲಿ ಹೇಗೆ ತೋರಿಸಿದರೆಂದು ಕೇಳಿದರು. ತಂತಿ ಬದಲಿಸುವಾಗ ಯಂತ್ರವನ್ನು ಆರಿಸಿ, ಧ್ವನಿಯನ್ನು ಪೂರ್ತಿ ಇಳಿಸಿ, ಹೊಸ ತಂತಿ ಹಾಕಿದ ಮೇಲೆ ಮತ್ತೆ ಏರಿಸಿದರು ಎಂದನು. ಎಷ್ಟಕ್ಕೆ ಏರಿಸಿದರು, ಮೊದಲಿನಷ್ಟೇ ಇತ್ತೇ ಎಂದರೆ ಅವನು ಗಮನಿಸಿರಲಿಲ್ಲ. ಕೂದಲೆಳೆಯಷ್ಟು ಜೋರಾದ ಸದ್ದು ಜೋರೆಂದು ಅನ್ನಿಸುವುದಿಲ್ಲ, ಚೆನ್ನಾಗಿದೆ ಎಂದು ಅನ್ನಿಸುತ್ತದೆ. ಅಂಗಡಿಯವರು ಬೇಕೆಂದೇ ಹಾಗೆ ಮಾಡಿದರೆಂದು ಹೇಳಲು ಆಧಾರವಿಲ್ಲ. ಅವರೂ ನಂಬಿಯೇ ಮಾರುತ್ತಿರಬಹುದು. ಅಚೌರ್ಯವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸದ ಜೊತೆಗೆ ಪ್ರತಿರೂಪಕವ್ಯವಹಾರವನ್ನು, ಅಂದರೆ ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದನ್ನು, ಸೇರಿಸಿದ್ದಾರೆ. ವರ್ತಕರೇ ಹೆಚ್ಚಾಗಿರುವ ಸಮಾಜಕ್ಕೆ ಹೇಳಿದ ಮಾತದು. ತಾಮ್ರವನ್ನು ತಾಮ್ರವೆಂದೇ ಮಾರಿ, ಅದಕ್ಕಿಲ್ಲದ ಗುಣವನ್ನು ಮಾತ್ರ ಬೆಲೆಗೆ ಸೇರಿಸಿದರೆ ಅದು ಆ ಸಾಲಿಗೆ ಸೇರುತ್ತದೆಯೋ ಇಲ್ಲವೋ, ವ್ಯಾಪಾರದಲ್ಲಿರುವ ಓದುಗರೇ ತಮ್ಮ ತಮ್ಮ ಅಂಗಡಿಯಲ್ಲಿ ಕುಳಿತು ವಿಚಾರಿಸಬೇಕು.

ಆದರೆ ಮೇಷ್ಟರಿಗೆ ಅಂಗಡಿಯವರ ಚಿಂತೆ ಇರಲಿಲ್ಲ. ತಮ್ಮದೇ ಚಿಂತೆ. ಸಭೆಯಲ್ಲಿ ಹೇಳಿದಾಗ ಅವರು ಸುಳ್ಳು ಹೇಳಿರಲಿಲ್ಲ. ಆದರೆ ಪರೀಕ್ಷಿಸದೆ ಹೇಳಿದ್ದರು. ಅಸತ್ಯದ ಲಕ್ಷಣವನ್ನು ಹೇಳುವಾಗ ಶಾಸ್ತ್ರ ಪ್ರಮಾದವೆಂಬ ಮಾತನ್ನು ಎಲ್ಲಕ್ಕಿಂತ ಮುಂದಿಡುತ್ತದೆ. ಎಚ್ಚರತಪ್ಪಿ ಆಡಿದ ಮಾತು ಆಡಿದವನ ಮಟ್ಟಿಗೆ ನಂಬಿಕೆಯದ್ದಾದರೂ ಕೇಳಿದವನಿಗೆ ಹಾನಿ ಮಾಡಬಲ್ಲದು. ಮಗ ತನ್ನ ದುಡಿಮೆಯ ಹಣದಲ್ಲಿ ತಂತಿ ಕೊಂಡರೆ ಅದು ಅವನ ಪ್ರೀತಿ. ಆ ವೃದ್ಧೆಯ 42,000 ರೂಪಾಯಿ ತಂತಿಗೆ ಹೋದರೆ ಆಕೆ ಬರುವ ಭಾದ್ರಪದದಲ್ಲಿಯೂ ಅದೇ ಕಂಬಕ್ಕೆ ಒರಗಿ ಅದೇ ಗೊಂದಲದ ಸದ್ದನ್ನು ಕೇಳುತ್ತ ಕುಳಿತಿರಬೇಕು, ಅದೂ ‘ಮೇಷ್ಟರು ಒಳ್ಳೆಯ ತಂತಿ ಹಾಕಿಸಿದ್ದಾರೆ’ ಎಂಬ ಕೃತಜ್ಞತೆಯೊಡನೆ.

ಮುಂದಿನ ಸಭೆಯಲ್ಲಿ ಮೇಷ್ಟರು ಎದ್ದುನಿಂತು, ತಮ್ಮ ಹಿಂದಿನ ಅಭಿಪ್ರಾಯವನ್ನು ಹಿಂತೆಗೆದುಕೊಳ್ಳುವುದಾಗಿಯೂ ಅದನ್ನು ಪುಸ್ತಕದಲ್ಲಿ ಬರೆಯಬೇಕೆಂದೂ ಕೇಳಿದರು. ಮೊಮ್ಮಗಳ ನೋಟುಪುಸ್ತಕವನ್ನೂ ತಂದಿದ್ದರು. ಸಭೆ ಅದನ್ನು ಸಂತೋಷದಿಂದ ಸ್ವೀಕರಿಸಿತೆಂದು ಹೇಳಿದರೆ ತಪ್ಪಾಗುತ್ತದೆ. ಮುಂಗಡ ಕಳಿಸುವ ಮಾತಾಗಿತ್ತು. ಅಧ್ಯಕ್ಷರು, “ನೀವೇ ಹೇಳಿದಿರಿ, ಈಗ ನೀವೇ ಬೇಡ ಅಂತೀರಿ. ಜನಕ್ಕೆ ಏನು ಹೇಳೋಣ ಮೇಷ್ಟ್ರೇ?” ಎಂದು ಬೇಸರಪಟ್ಟರು. ಒಬ್ಬ ಕಿರಿಯ ಸದಸ್ಯರು, “ವಯಸ್ಸಾದ ಕಿವಿ, ಸೂಕ್ಷ್ಮ ಗೊತ್ತಾಗಿಲ್ಲ ಅಷ್ಟೇ” ಎಂದರು. ಕೇಳಲು ಒರಟಾದರೂ ಇದು ನ್ಯಾಯವಾದ ಆಕ್ಷೇಪಣೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನೇ. ಮೇಷ್ಟರು ಒಪ್ಪಿಕೊಂಡು, ಹದಿನಾಲ್ಕು ವರ್ಷದ ಮೊಮ್ಮಗಳೂ ಪರದೆಯ ಈಚೆ ಕುಳಿತು ಹನ್ನೆರಡು ಸುತ್ತಿನಲ್ಲಿ ಆರನ್ನು ಸರಿ ಹೇಳಿದ್ದನ್ನು ತೋರಿಸಿದರು. ಆ ಸದಸ್ಯರನ್ನೂ ಬರಗೂರಿಗೆ ಕರೆದರು. ಅವರು ಬಂದರು, ಕೇಳಿದರು, ಹದಿನಾರರಲ್ಲಿ ಎಂಟು ಸರಿ ಬರೆದು ಊಟ ಮಾಡಿಕೊಂಡು ಹೋದರು. ಅನಂತರ ಅವರೇ ಮೇಷ್ಟರ ಪಕ್ಷ ವಹಿಸಿದರು.

ಇಷ್ಟಾದರೂ ಬಸದಿಯ ತೊಂದರೆ ಹಾಗೆಯೇ ಉಳಿದಿತ್ತು. ಮೈಕ್‌ಸೆಟ್ಟಿನ ಯಜಮಾನನನ್ನು ಕರೆದು ಮೂಲದಿಂದ ನೋಡಿಸಲಾಯಿತು. ಅಲ್ಲಿ ಒಂದು ಆಶ್ಚರ್ಯ ಕಾದಿತ್ತು: ತಂತಿಯದೂ ಸ್ವಲ್ಪ ತಪ್ಪಿತ್ತು! ಆಂಪ್ಲಿಫೈಯರಿನ ಕೋಣೆಯಿಂದ ಹಿಂಬದಿಯ ಪೆಟ್ಟಿಗೆಗೆ ನಲವತ್ತು ಮೀಟರು ದೂರ, ಯಾರೋ ಯಾವಾಗಲೋ ಕರೆಗಂಟೆಗೆ ಹಾಕುವ ತೆಳು ತಂತಿಯನ್ನು ಎಳೆದಿದ್ದರು. ಎಂಬತ್ತು ಮೀಟರಿನ ಆ ತಂತಿಯ ರೋಧ 7 ಓಮಿನ ಹತ್ತಿರ, ಪೆಟ್ಟಿಗೆಯದು 8. ಶಕ್ತಿಯ ಅರ್ಧದಷ್ಟು ತಂತಿಯನ್ನು ಬಿಸಿಮಾಡಲು ಹೋಗುತ್ತಿತ್ತು. ಕಂಬದ ಸಂದಿನ ಜಾಯಿಂಟಿನಲ್ಲಿ ತಾಮ್ರ ಕಪ್ಪಗಾಗಿ, ಟೇಪು ಉದುರಿತ್ತು. ಹೀಗೆ ದೂರ ಹೆಚ್ಚಾದಾಗ ದಪ್ಪ ತಂತಿ ಹಾಕಬೇಕು, ಇಲ್ಲವೇ ವೋಲ್ಟೇಜನ್ನು ಏರಿಸಿ ಕಳಿಸಬೇಕು. ಜಾತ್ರೆಯ ಹಾರನ್ನುಗಳಿಗೆ ಪುಟ್ಟ ಟ್ರಾನ್ಸ್‌ಫಾರ್ಮರು ಕಟ್ಟಿ 100 ವೋಲ್ಟಿನ ಲೈನಿನಲ್ಲಿ ಊರುದ್ದಕ್ಕೂ ಸದ್ದು ಕಳಿಸುವುದು ಎರಡನೆಯ ಉಪಾಯ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದ್ದೂ ಇದೇ ತತ್ತ್ವದಿಂದ. ಅಂತೂ ತಂತಿ ಮುಖ್ಯವಲ್ಲ ಎನ್ನುವುದು ತಪ್ಪು. ಅದರ ದಪ್ಪ, ಉದ್ದ, ಜೋಡಣೆ ಮುಖ್ಯ. ಬಸದಿಗೆ 2.5 ಚದರ ಮಿಲಿಮೀಟರಿನ ಮನೆ ವೈರಿಂಗಿನ ಸಾಧಾರಣ ತಂತಿ ಒಂದು ಸುರುಳಿ ತಂದರು.

ನಿಜವಾದ ಶತ್ರು ಮಾತ್ರ ತಂತಿಯೂ ಅಲ್ಲ, ಯಂತ್ರವೂ ಅಲ್ಲ, ಕಲ್ಲು. ನಯಗೊಳಿಸಿದ ಕಲ್ಲಿನ ಗೋಡೆ, ಕಲ್ಲಿನ ನೆಲ, ಕಲ್ಲಿನ ಮೇಲ್ಛಾವಣಿ ತಮಗೆ ತಾಗಿದ ಸದ್ದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಿಸುತ್ತವೆ. ಪಂಡಿತರ ಒಂದು ಪದ ಮುಗಿಯುವ ಮೊದಲೇ ಹಿಂದಿನ ಪದ ಗೋಡೆಯಿಂದ ಮರಳಿ ಬಂದು ಅದರ ಮೇಲೆ ಬೀಳುತ್ತಿತ್ತು. ಎಷ್ಟು ಜೋರು ಮಾಡಿದರೆ ಅಷ್ಟೂ ಗೊಂದಲ. ಎದುರಿನ ಎರಡು ದೊಡ್ಡ ಪೆಟ್ಟಿಗೆಗಳನ್ನು ತೆಗೆದು, ಕಂಬಗಳ ಬಳಿ ಕೇಳುಗರ ತಲೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ನಾಲ್ಕು ಸಣ್ಣ ಕಾಲಂ ಸ್ಪೀಕರುಗಳನ್ನು ಕೆಳಮುಖವಾಗಿ ಕಟ್ಟಿದರು. ಧ್ವನಿ ಮೆಲ್ಲಗಿರಲಿ, ಹತ್ತಿರದಿಂದ ಬರಲಿ ಎಂಬುದು ಆಲೋಚನೆ. ಹಿಂಭಾಗದ ನೆಲಕ್ಕೆ ದಪ್ಪ ಜಮಖಾನ ಹಾಸಿದರು. ಕಲ್ಲಿಗೆ ಮೊಳೆ ಹೊಡೆಯಬಾರದೆಂದು ಎಲ್ಲವನ್ನೂ ಕಂಬಕ್ಕೆ ಪಟ್ಟಿಯಿಂದ ಬಿಗಿದರು. ಪಂಡಿತರಿಗೆ ಮೈಕನ್ನು ಬಾಯಿಗೆ ಗೇಣು ದೂರದೊಳಗೆ ಹಿಡಿಯಬೇಕೆಂದು ವಿನಯದಿಂದ ತಿಳಿಸುವ ಕಷ್ಟದ ಕೆಲಸ ಅಧ್ಯಕ್ಷರ ಪಾಲಿಗೆ ಬಂತು. ಎಲ್ಲ ಸೇರಿ 31,000 ರೂಪಾಯಿಯೊಳಗೆ ಮುಗಿಯಿತು. ಉಳಿದ ಹಣವನ್ನು ಏನು ಮಾಡಬೇಕೆಂದು ಸಭೆ ತಾನೇ ತೀರ್ಮಾನಿಸದೆ ಆ ತಾಯಿಯನ್ನೇ ಕೇಳಿತು. ಪ್ರವಚನದ ದಿನ ಮಕ್ಕಳಿಗೆ ಹಾಲು, ಹಣ್ಣು ಆಗಲಿ ಎಂದರು.

ಮಗ ಊರಿಗೆ ಬಂದಾಗ ಮೇಷ್ಟರು ಎಲ್ಲವನ್ನೂ ಹೇಳಿದರು. ನೋಟುಪುಸ್ತಕ ತೋರಿಸಿದರು. ಅವನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ಹಾಗಾದರೆ ತಂತಿ ಬಿಚ್ಚಿಬಿಡಲಾ ಅಪ್ಪ?” ಎಂದನು. “ಯಾಕಪ್ಪ? ಚೆನ್ನಾಗಿಯೇ ಕೇಳಿಸುತ್ತೆ. ಹಳೇದೂ ಹೀಗೇ ಕೇಳಿಸುತ್ತಿತ್ತು, ನಾನು ಕೇಳಿರಲಿಲ್ಲ” ಎಂದರು. ತಂತಿ ಅಲ್ಲಿಯೇ ಇದೆ. ರಶೀದಿಯನ್ನು ಮಾತ್ರ ಮೇಷ್ಟರು ಯಾರಿಗೂ ತೋರಿಸುವುದಿಲ್ಲ.

ಭಾದ್ರಪದ ಬಂತು. ಮೂರನೆಯ ಸಂಜೆ ಪ್ರವಚನ ಮುಗಿದು ಜನ ಏಳುತ್ತಿದ್ದಾಗ, ಹಿಂದಿನ ಕಂಬಕ್ಕೆ ಒರಗಿದ್ದ ಆ ತಾಯಿ ಮೇಷ್ಟರನ್ನು ಕೈಸನ್ನೆಯಿಂದ ಕರೆದರು. ಹೇಗಿತ್ತೆಂದು ಕೇಳುವ ಧೈರ್ಯ ಮೇಷ್ಟರಿಗೆ ಆಗಲಿಲ್ಲ. ಆಕೆ ದನಿ ತಗ್ಗಿಸಿ ಕೇಳಿದರು:

“ಪಂಡಿತರಿಗೆ ನೆಗಡಿ ಆಗೈತಾ ಮೇಷ್ಟ್ರೇ? ನಿನ್ನೆಯಿಂದ ಮೂಗು ಕಟ್ಟಿದಂಗೆ ಮಾತಾಡ್ತಾವ್ರೆ.”